ನೆಲದಿಂದ ಬಂದ ಶಬ್ದ: ‘ಹ್ಯುಮಿಲಿಟಿ’ಯೂ ನಮ್ಮ ವಿನಯವೂ

ಶಿಕಾರಿಪುರದ ಶ್ರೀ ಭ್ರಾಂತೇಶ, ಕದರಮಂಡಲಗಿಯ ಶ್ರೀ ಕಾಂತೇಶ, ಸಾತೇನಹಳ್ಳಿಯ ಶ್ರೀ ಶಾಂತೇಶ – ಈ ಮೂರು ಸ್ಥಳಗಳ ಪ್ರಾಣದೇವರ ದರ್ಶನವನ್ನು ಒಂದೇ ದಿನದಲ್ಲಿ ಮಾಡಿಬರುವ ಪದ್ಧತಿಯು ನಮ್ಮ ಕುಟುಂಬಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದು ವಾಚಕರಿಗೆ ವಿದಿತವೇ ಇದೆ. ಶಿಕಾರಿಪುರದ ಸ್ವಾಮಿಯನ್ನು ಆ ಸೀಮೆಯ ಜನರು ಹುಚ್ಚರಾಯನೆಂದು ಪ್ರೀತಿಯಿಂದ ಕರೆಯುತ್ತಾರೆ. ಇದು ಶ್ರೀ ವ್ಯಾಸರಾಜರ ಪ್ರತಿಷ್ಠೆಯೆಂದು ಸಂಪ್ರದಾಯದಲ್ಲಿ ಪ್ರಸಿದ್ಧವಾಗಿದೆ. ನಮ್ಮ ಪರಿಚಿತರಾದ ಒಬ್ಬ ವೃದ್ಧ ಗೃಹಸ್ಥರು ಹೀಗೆಯೇ ಮೊಮ್ಮಗಳನ್ನು ಕರೆದುಕೊಂಡು ಯಾತ್ರೆಗೆ ಹೊರಟಿದ್ದವರು, ಶಿಕಾರಿಪುರದಲ್ಲಿ ದರ್ಶನ ಮುಗಿಸಿ, ಅಲ್ಲಿಂದ ಸುಮಾರು ೨೦ ಕಿಲೋಮೀಟರು ದೂರದಲ್ಲಿ ಶಿರಾಳಕೊಪ್ಪದ ಹತ್ತಿರವಿರುವ ಬಳ್ಳಿಗಾವಿಯನ್ನೂ ನೋಡಿಕೊಂಡು ಹೋಗೋಣವೆಂದು ಅತ್ತ ತಿರುಗಿದರು. ಕೇದಾರೇಶ್ವರ ದೇವಾಲಯದ ನೆರಳಿನಲ್ಲಿ ಕುಳಿತಿದ್ದಾಗ, ಹೈಸ್ಕೂಲಿನಲ್ಲಿ ಓದುತ್ತಿದ್ದ ಆ ಹುಡುಗಿ ಒಂದು ಪ್ರಶ್ನೆಯನ್ನು ಕೇಳಿದಳಂತೆ:

“ಅಜ್ಜಾ, ಹ್ಯುಮಿಲಿಟಿ ಎಂದರೆ ವಿನಯ ಎಂದು ನಮ್ಮ ಪುಸ್ತಕದಲ್ಲಿದೆ. ಹ್ಯುಮಿಲಿಯೇಷನ್ ಎಂದರೆ ಅವಮಾನ ಎಂದಿದೆ. ಎರಡೂ ಒಂದೇ ಶಬ್ದದಿಂದ ಹುಟ್ಟಿದವಂತೆ. ಹಾಗಾದರೆ ವಿನಯದಿಂದಿರು ಎಂದು ನೀವು ಹೇಳುವುದು, ಅವಮಾನವನ್ನು ಸಹಿಸಿಕೊಂಡಿರು ಎಂದೇ?”

ಅಜ್ಜನವರಿಗೆ ಸಮಾಧಾನ ಹೊಳೆಯಲಿಲ್ಲ. “ದೊಡ್ಡವರ ಮುಂದೆ ಹೀಗೆಲ್ಲ ಕೇಳಬಾರದು. ಸುಮ್ಮನಿರುವುದೇ ವಿನಯ” ಎಂದುಬಿಟ್ಟರು. ಮಗು ಸುಮ್ಮನಾಯಿತು, ಸಾತೇನಹಳ್ಳಿ ಮುಗಿಸಿ ಕದರಮಂಡಲಗಿ ಮುಟ್ಟುವವರೆಗೂ ಮತ್ತೆ ಬಾಯಿ ತೆರೆಯಲಿಲ್ಲ. ಊರಿಗೆ ಬಂದ ಮೇಲೆ ಅವರು ನಮ್ಮಲ್ಲಿ ಈ ಸಂಗತಿಯನ್ನು ಹೇಳಿಕೊಂಡು, “ಉತ್ತರ ಗೊತ್ತಿದ್ದಿದ್ದರೆ ನಾನು ಗದರಿಸುತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳಲು ನನಗೇ ವಿನಯವಿರಲಿಲ್ಲ” ಎಂದು ನೊಂದುಕೊಂಡರು. ಆ ಬಾಲಿಕೆಯ ಪ್ರಶ್ನೆ ಒಳ್ಳೆಯದು; ನಮ್ಮ ಅನೇಕ ಮನೆಗಳಲ್ಲಿ ಇಂದು ಏಳುತ್ತಿರುವ ಪ್ರಶ್ನೆ. ಆದುದರಿಂದ ಪ್ರಕೃತ ಲೇಖನದಲ್ಲಿ ಈ ಶಬ್ದದ ಮೂಲವನ್ನೂ, ಅದಕ್ಕೆ ಸಮಾನವಾದ ನಮ್ಮ ಶಬ್ದಗಳನ್ನೂ, ಪ್ರಶ್ನೆ ಹುಟ್ಟಿದ ಆ ಬಳ್ಳಿಗಾವಿಯ ಕಲ್ಲುಗಳೇ ಈ ವಿಷಯದಲ್ಲಿ ಹೇಳುವುದನ್ನೂ ಯಥಾಮತಿಯಾಗಿ ವಿಚಾರಿಸೋಣ.

ಶಬ್ದದ ಮೂಲ

‘ಹ್ಯುಮಿಲಿಟಿ’ ಎಂಬುದು ಇಂಗ್ಲಿಷಿಗೆ ಸ್ವಂತವಾದ ಶಬ್ದವಲ್ಲ. ಅದು ಲ್ಯಾಟಿನ್ ಭಾಷೆಯಲ್ಲಿ ಹುಟ್ಟಿ, ಹಳೆಯ ಫ್ರೆಂಚಿನ ಮಾರ್ಗವಾಗಿ, ೧೪ನೆಯ ಶತಮಾನದ ಸುಮಾರಿಗೆ ಇಂಗ್ಲಿಷನ್ನು ಸೇರಿತು. ಲ್ಯಾಟಿನ್ನಿನಲ್ಲಿ ‘ಹುಮುಸ್’ ಎಂದರೆ ನೆಲ, ಮಣ್ಣು. ಅದರಿಂದ ‘ಹುಮಿಲಿಸ್’, ಎಂದರೆ ನೆಲಕ್ಕೆ ಹತ್ತಿರವಾದದ್ದು, ತಗ್ಗಾದದ್ದು. ಅದರ ಭಾವನಾಮವೇ ‘ಹುಮಿಲಿತಾಸ್’. ಇಂಗ್ಲಿಷಿನಲ್ಲಿ ಅದು ‘ಹ್ಯುಮಿಲಿಟಿ’ ಆಯಿತು. ‘ಹಂಬಲ್’ ಎಂಬ ವಿಶೇಷಣವೂ ಇದೇ ಬೇರಿನದು. ಎಲೆ ಕಸಗಳು ಕೊಳೆತು ಉಂಟಾಗುವ ಕಪ್ಪು ಸಾರವನ್ನು ವಿಜ್ಞಾನದ ಪಾಠದಲ್ಲಿ ಮಕ್ಕಳು ‘ಹ್ಯೂಮಸ್’ ಎಂದು ಓದುತ್ತಾರಷ್ಟೆ. ಅದೂ ಇದೇ ಶಬ್ದ. ಮನುಷ್ಯವಾಚಕವಾದ ‘ಹೋಮೊ’ ಎಂಬ ಲ್ಯಾಟಿನ್ ಶಬ್ದವನ್ನೂ ಪಂಡಿತರು ಈ ಬಳಗಕ್ಕೇ ಸೇರಿಸುತ್ತಾರೆ; ಮಣ್ಣಿನ ಮೇಲೆ ಇರತಕ್ಕವನು ಮನುಷ್ಯ ಎಂದು ತಾತ್ಪರ್ಯ.

ಆದರೆ ಒಂದು ವಿಶೇಷವನ್ನು ಗಮನಿಸಬೇಕು. ಪ್ರಾಚೀನ ರೋಮನರ ಬಾಯಿಯಲ್ಲಿ ‘ಹುಮಿಲಿಸ್’ ಎಂಬುದು ಹೊಗಳಿಕೆಯ ಮಾತಾಗಿರಲಿಲ್ಲ. ಗಿಡ್ಡ ಪೊದೆ, ಕೀಳು ಕುಲ, ಅಲ್ಪ ಬುದ್ಧಿ – ಇಂಥವುಗಳಿಗೆ ಅದು ಸಲ್ಲುತ್ತಿತ್ತು. ಆ ಶಬ್ದವು ಸದ್ಗುಣವಾಚಕವಾದದ್ದು ಅನಂತರ, ಕ್ರೈಸ್ತ ಧರ್ಮಾಚಾರ್ಯರ ಕೈಯಲ್ಲಿ. ಕ್ರಿ.ಶ. ೩೫೪ರಿಂದ ೪೩೦ರವರೆಗೆ ಬಾಳಿದ ಆಗಸ್ಟೀನನು ಅದನ್ನು ಎಲ್ಲ ಗುಣಗಳ ತಳಹದಿಯೆಂದು ಬೋಧಿಸಿದನು. ೬ನೆಯ ಶತಮಾನದಲ್ಲಿ ಬೆನೆಡಿಕ್ಟನು ತನ್ನ ಮಠದ ನಿಯಮಾವಳಿಯಲ್ಲಿ ಅದಕ್ಕೆ ೧೨ ಮೆಟ್ಟಿಲುಗಳನ್ನು ಹೇಳಿದನು. ಹೀಗೆ ಒಂದು ನಿಂದೆಯ ಮಾತು ಕೆಲವು ಶತಮಾನಗಳಲ್ಲಿ ಪ್ರಶಂಸೆಯ ಮಾತಾಯಿತು. ಅದರ ಹಳೆಯ ಕಹಿ ಮಾತ್ರ ಪೂರ್ತಿ ಹೋಗದೆ, ‘ಹ್ಯುಮಿಲಿಯೇಷನ್’ ಎಂಬ ಸೋದರಶಬ್ದದಲ್ಲಿ ಉಳಿದುಕೊಂಡಿತು.

ಬಾಲಿಕೆಯ ಸಂಶಯಕ್ಕೆ ಮೊದಲ ಸಮಾಧಾನ ಇಲ್ಲಿಯೇ ದೊರೆಯುತ್ತದೆ. ಎರಡು ಶಬ್ದಗಳಲ್ಲಿಯೂ ನೆಲವಿದೆ, ತಗ್ಗುವಿಕೆಯಿದೆ. ಆದರೆ ಒಂದರಲ್ಲಿ ತಾನೇ ತಿಳಿದು ಬಾಗುತ್ತಾನೆ. ಇನ್ನೊಂದರಲ್ಲಿ ಬೇರೊಬ್ಬನು ಹಿಡಿದು ನೆಲಕ್ಕೆ ಒತ್ತುತ್ತಾನೆ. ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ, ವಿನಯದಲ್ಲಿ ನಾವು ಕರ್ತೃಗಳು, ಅವಮಾನದಲ್ಲಿ ನಾವು ಕರ್ಮ. ಕ್ರಿಯೆ ಒಂದೇ ಎಂದು ತೋರಿದರೂ ಮಾಡುವವನು ಬೇರೆಯಾದ್ದರಿಂದ ಫಲವೂ ಬೇರೆ.

ಶಬ್ದಗಳ ಹೋಲಿಕೆಯೊಂದನ್ನೇ ನಂಬಿ ಅರ್ಥವನ್ನು ನಿರ್ಣಯಿಸಬಾರದೆಂಬುದಕ್ಕೆ ಇಂಗ್ಲಿಷಿನಲ್ಲಿಯೇ ಒಂದು ದೃಷ್ಟಾಂತವಿದೆ. ಸೋಲನ್ನೊಪ್ಪಿ ತಲೆ ತಗ್ಗಿಸುವುದಕ್ಕೆ ಆ ಜನರು ‘ಹಂಬಲ್ ಪೈ’ ಎಂಬ ಭಕ್ಷ್ಯವನ್ನು ತಿನ್ನುವುದು ಎನ್ನುತ್ತಾರೆ. ಆ ಭಕ್ಷ್ಯದ ಮೂಲ ಹೆಸರಿನಲ್ಲಿದ್ದ ‘ಅಂಬಲ್ಸ್’ ಎಂಬುದು ಬೇಟೆಯ ಮೃಗದ ಒಳಭಾಗಗಳಿಗೆ ಹೆಸರು. ವಿನಯವಾಚಕವಾದ ‘ಹಂಬಲ್’ಗೂ ಅದಕ್ಕೂ ಹುಟ್ಟಿನಲ್ಲಿ ಯಾವ ಸಂಬಂಧವೂ ಇಲ್ಲ. ಧ್ವನಿ ಹತ್ತಿರವಾದ್ದರಿಂದ ಜನರು ಎರಡನ್ನೂ ಬೆರೆಸಿ ಶ್ಲೇಷೆ ಮಾಡಿದರು.

ನಮ್ಮ ಶಬ್ದಗಳು

ಇನ್ನು ನಮ್ಮ ಕಡೆಗೆ ನೋಡೋಣ. ೧೭೮೬ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಸರ್ ವಿಲಿಯಂ ಜೋನ್ಸ್ ಎಂಬವರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ಸಾರಿದ ಮೇಲೆ ಭಾಷಾಶಾಸ್ತ್ರಜ್ಞರು ಇಂಥ ಸಂಬಂಧಗಳನ್ನು ಹುಡುಕುತ್ತ ಬಂದಿದ್ದಾರೆ. ಅವರ ಪ್ರಕಾರ ಲ್ಯಾಟಿನ್ನಿನ ‘ಹುಮುಸ್’ಗೆ ಸಂಸ್ಕೃತದಲ್ಲಿ ಬಂಧುವಾದ ಶಬ್ದ, ಭೂಮಿವಾಚಕವಾದ ‘ಕ್ಷ್ಮಾ’. ಅಮರಕೋಶದಲ್ಲಿ ಭೂಮಿಯ ನಾಮಗಳ ಸಾಲಿನಲ್ಲಿ ‘ಕ್ಷ್ಮಾ’ ಎಂಬುದೂ ಇದೆ, ‘ಸರ್ವಂಸಹಾ’ ಎಂಬುದೂ ಇದೆ. ಸಹನಾರ್ಥಕವಾದ ‘ಕ್ಷಮ್’ ಧಾತುವಿನಿಂದ ಬಂದ ‘ಕ್ಷಮೆ’ಯನ್ನು ಆಧುನಿಕರು ಬೇರೆ ಮೂಲದ್ದೆಂದು ಎಣಿಸುವುದುಂಟು. ಆದರೂ ನಮ್ಮ ಕವಿಗಳೂ ವ್ಯಾಖ್ಯಾತೃಗಳೂ ಭೂಮಿಯನ್ನು ನೆನೆದಾಗ ಕ್ಷಮೆಯನ್ನೂ, ಕ್ಷಮೆಯನ್ನು ನೆನೆದಾಗ ಭೂಮಿಯನ್ನೂ ನೆನೆಯದೆ ಬಿಟ್ಟಿಲ್ಲ. ಬೆಳಗ್ಗೆ ಹಾಸಿಗೆಯಿಂದೆದ್ದು ನೆಲದ ಮೇಲೆ ಕಾಲಿಡುವ ಮೊದಲು, ಪಾದಸ್ಪರ್ಶವನ್ನು ಕ್ಷಮಿಸೆಂದು ಭೂದೇವಿಯನ್ನು ಬೇಡುವ ಆಚಾರ ನಮ್ಮಲ್ಲಿದೆ. ದಿನದ ಮೊದಲ ಮಾತೇ ನೆಲದೊಡನೆ, ಅದೂ ಕ್ಷಮಾಯಾಚನೆ.

‘ವಿನಯ’ ಶಬ್ದದ ದಾರಿ ಬೇರೆ. ‘ನೀ’ ಎಂಬ ಧಾತುವಿಗೆ ಕರೆದೊಯ್ಯು, ನಡೆಸು ಎಂದರ್ಥ. ‘ವಿ’ ಎಂಬ ಉಪಸರ್ಗ ಸೇರಿ, ವಿಶೇಷವಾಗಿ ನಡೆಸುವುದು, ತಿದ್ದಿ ಪಳಗಿಸುವುದು ಎಂದಾಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣಕ್ಕೆ ‘ವಿನಯಾಧಿಕಾರಿಕ’ವೆಂದೇ ಹೆಸರು, ರಾಜಪುತ್ರನ ಶಿಕ್ಷಣ ಅಲ್ಲಿಯ ವಿಷಯಗಳಲ್ಲಿ ಮುಖ್ಯವಾದುದು. ಬೌದ್ಧರು ಭಿಕ್ಷುಗಳ ನಿಯಮಗಳನ್ನು ‘ವಿನಯಪಿಟಕ’ವೆಂದರು. ಚೆನ್ನಾಗಿ ಪಳಗಿದ ಕುದುರೆಗೂ ಅಮರಸಿಂಹನು ‘ವಿನೀತ’ವೆಂಬ ಹೆಸರನ್ನು ಕೊಟ್ಟಿದ್ದಾನೆ. ವಿನೀತವಾದ ಕುದುರೆಗೆ ಬಲ ಕಡಮೆಯೆಂದು ಯಾರೂ ಹೇಳಲಾರರು. ಅದರ ಬಲವೆಲ್ಲ ದಾರಿಗೆ ಬಂದಿರುತ್ತದೆ, ಅಷ್ಟೆ. ಆದ್ದರಿಂದ ವಿನಯವೆಂದರೆ ಶಕ್ತಿಯ ಅಭಾವವಲ್ಲ, ತಿದ್ದಿದ ಶಕ್ತಿ.

‘ನಮ್ರತೆ’ಯು ಬಾಗುವಿಕೆಯೆಂಬರ್ಥದ ‘ನಮ್’ ಧಾತುವಿನದು. ನಮಸ್ಕಾರ, ಪ್ರಣಾಮಗಳೂ ಅದರವೇ. ಸಾಷ್ಟಾಂಗ ನಮಸ್ಕಾರದಲ್ಲಿ ದೇಹವೇ ನೆಲವನ್ನು ಮುಟ್ಟುತ್ತದೆ. ಲ್ಯಾಟಿನ್ ಶಬ್ದವು ಅಕ್ಷರಗಳಲ್ಲಿ ಹೇಳಿದ್ದನ್ನು ನಮ್ಮ ಆಚಾರವು ದೇಹದಿಂದಲೇ ಹೇಳಿಸುತ್ತದೆ. ಅಭಿವಾದನದಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಬಾಗಿ ನಿಂತವನು ತನ್ನ ಪ್ರವರ, ಗೋತ್ರ, ಸೂತ್ರ, ಶಾಖೆ, ಹೆಸರುಗಳನ್ನು ಸ್ಪಷ್ಟವಾಗಿ ಹೇಳಬೇಕೆಂದು ವಿಧಿ. ತಾನು ಏನೂ ಅಲ್ಲ ಎಂದು ಗೊಣಗುವುದು ಅಲ್ಲಿಲ್ಲ. ತಾನು ಯಾರು, ಯಾರಿಂದ ಬಂದವನು ಎಂಬುದನ್ನು ಸರಿಯಾಗಿ ಹೇಳಿ ಬಾಗಬೇಕು. ತನ್ನ ಸ್ಥಾನದ ನಿಜವಾದ ಅರಿವೇ ವಿನಯದ ತಿರುಳೆಂದು ಇದರಿಂದ ಸ್ಪಷ್ಟವಾಗುತ್ತದೆ.

ಕನ್ನಡವು ಸಂಸ್ಕೃತ ಲ್ಯಾಟಿನ್‌ಗಳ ಕುಟುಂಬಕ್ಕೆ ಸೇರಿದ ಭಾಷೆಯಲ್ಲ. ಕಾಲ್ಡ್‌ವೆಲ್ ಪಂಡಿತರು ೧೮೫೬ರಲ್ಲಿ ಪ್ರಕಟಿಸಿದ ತೌಲನಿಕ ವ್ಯಾಕರಣದಿಂದ ಇದು ಸ್ಥಿರವಾಗಿದೆ. ಆದರೂ ಕನ್ನಡಿಗರು ತಮ್ಮಷ್ಟಕ್ಕೆ ತಾವೇ ಇದೇ ಭಾವಕ್ಕೆ ಬಂದು ಸೇರಿರುವುದು ಸಂತೋಷದ ವಿಷಯ. ‘ತಗ್ಗು’ ಎಂಬುದು ನಮ್ಮಲ್ಲಿ ಕ್ರಿಯಾಪದವೂ ಹೌದು, ನಾಮಪದವೂ ಹೌದು. ತಗ್ಗಿ ನಡೆಯುವುದು ಸ್ವಭಾವಕ್ಕೆ ಸಂಬಂಧಿಸಿದ್ದು. ತಗ್ಗು ಎಂದರೆ ಕೆಳಗಿನ ನೆಲ. ಬಳ್ಳಿಗಾವಿಯ ಸುತ್ತಿನ ರೈತರನ್ನು ಕೇಳಿದರೆ ತಗ್ಗಿನ ಗದ್ದೆಯ ಬೆಲೆ ತಿಳಿಯುತ್ತದೆ. ಮೇಲಿನ ನೀರೂ ಮೇಲಿನ ಮೆಕ್ಕಲು ಮಣ್ಣೂ ಬಂದು ನಿಲ್ಲುವುದು ತಗ್ಗಿನಲ್ಲಿ.

ತಾಳಗುಂದದ ಕಂಬ

ಬಳ್ಳಿಗಾವಿಯಿಂದ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ತಾಳಗುಂದವಿದೆ. ಶಾಸನಗಳ ಸ್ಥಾಣಕುಂದೂರು ಅದೇ. ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದೆ ೫ನೆಯ ಶತಮಾನದ ಒಂದು ಶಿಲಾಸ್ತಂಭ ನಿಂತಿದೆ. ಕದಂಬ ವಂಶದ ಮೂಲವನ್ನು ತಿಳಿಸುವ ಆ ಸಂಸ್ಕೃತ ಕಾವ್ಯವನ್ನು ರಚಿಸಿ, ಕಲ್ಲಿನ ಮೇಲೆ ತಾನೇ ಬರೆದವನು ಕುಬ್ಜನೆಂಬ ಕವಿ. ಅವಮಾನಕ್ಕೂ ವಿನಯಕ್ಕೂ ಇರುವ ಭೇದವನ್ನು ತಿಳಿಯಬೇಕಾದವರು ಆ ಕಂಬದ ಕಥೆಯನ್ನು ಕೇಳಬೇಕು.

ಮಯೂರಶರ್ಮನೆಂಬ ಬ್ರಾಹ್ಮಣ ಯುವಕನು ಗುರು ವೀರಶರ್ಮನೊಡನೆ ವೇದಾಧ್ಯಯನವನ್ನು ಪೂರ್ಣಗೊಳಿಸಬೇಕೆಂದು ಪಲ್ಲವರ ಕಂಚಿಗೆ ಹೋಗಿ ಅಲ್ಲಿಯ ಘಟಿಕೆಯನ್ನು ಸೇರಿದನು. ವಿದ್ಯೆಗಾಗಿ ಅಷ್ಟು ದೂರ ನಡೆದು ಗುರುಗಳ ಮುಂದೆ ಕುಳಿತದ್ದು ವಿನಯ. ಅಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ಘೋರವಾದ ಕಲಹವೊದಗಿ, ಅವನ ಮನಸ್ಸು ಕೆರಳಿತು. ಅದು ಅವಮಾನ. ದರ್ಭೆ ಸಮಿತ್ತುಗಳನ್ನು ಹಿಡಿಯುತ್ತಿದ್ದ ಕೈ ಖಡ್ಗವನ್ನು ಹಿಡಿಯಿತು. ೪ನೆಯ ಶತಮಾನದಲ್ಲಿ ಬನವಾಸಿಯ ಕದಂಬರಾಜ್ಯವು ಹುಟ್ಟಿತು. ಬಾಗಿದವನು ಗುರುವಿನ ಮುಂದೆ ತಾನಾಗಿ ಬಾಗಿದನು, ಒತ್ತಿದಾಗ ಸಿಡಿದೆದ್ದನು. ಎರಡೂ ಒಬ್ಬನಲ್ಲಿಯೇ ಇದ್ದವು. ಆದ್ದರಿಂದ ವಿನಯವಂತನು ಅನ್ಯಾಯವನ್ನು ನುಂಗಿಕೊಂಡಿರಬೇಕೆಂದು ಯಾರೂ ಆ ಕಥೆಯಿಂದ ಕಲಿಯಲಾರರು.

ಇನ್ನೂ ಒಂದು ಮಾತು. ಇಷ್ಟು ದೊಡ್ಡ ವಂಶಕಥೆಯನ್ನು ಹೊತ್ತ ಆ ಕಂಬವನ್ನು ನಿಲ್ಲಿಸಿದ್ದು ಯಾವ ಯುದ್ಧದ ವಿಜಯಕ್ಕಾಗಿಯೂ ಅಲ್ಲ. ಮಯೂರಶರ್ಮನ ವಂಶದಲ್ಲಿ ಹುಟ್ಟಿದ ಕಾಕುತ್ಸ್ಥವರ್ಮನು ಅಲ್ಲಿಯ ದೇವಾಲಯದ ಬಳಿ ಒಂದು ಕೆರೆಯನ್ನು ತೋಡಿಸಿದನೆಂಬುದನ್ನು ತಿಳಿಸುವುದಕ್ಕಾಗಿ. ಅವಮಾನದಿಂದ ಆರಂಭವಾದ ಕಥೆ ಹಲವು ತಲೆಮಾರುಗಳ ಮೇಲೆ, ಎಲ್ಲರೂ ನೀರು ಕುಡಿಯುವ ಒಂದು ತಗ್ಗಿನಲ್ಲಿ ಬಂದು ನಿಂತಿತು.

ಬಳ್ಳಿಗಾವಿಯ ಎರಡು ಶಾಸನಗಳು

ಈಗ ಬಳ್ಳಿಗಾವಿಗೇ ಮರಳೋಣ. ಇಂದು ಶಿಕಾರಿಪುರ ತಾಲ್ಲೂಕಿನ ಒಂದು ಸಣ್ಣ ಗ್ರಾಮವಾಗಿರುವ ಇದು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಪನ್ನಿರ್ಚ್ಛಾಸಿರಕ್ಕೆ ರಾಜಧಾನಿಯಾಗಿತ್ತು. ಹರಿ, ಹರ, ಬ್ರಹ್ಮ, ಜಿನ, ಬುದ್ಧ – ಈ ಐದು ದೇವತೆಗಳ ಮಠಗಳೂ ಈ ಒಂದೇ ಪಟ್ಟಣದಲ್ಲಿದ್ದುವೆಂದು ಶಾಸನೋಕ್ತಿ. ಅಲ್ಲಮಪ್ರಭುಗಳ ಜನ್ಮಸ್ಥಳವೆಂದೂ ಇದು ಪ್ರಸಿದ್ಧ. ೧೦೪೭ರಲ್ಲಿ ನಿಂತ ಗಂಡಭೇರುಂಡ ಸ್ತಂಭವನ್ನು ಇಂದಿಗೂ ಅಲ್ಲಿ ನೋಡಬಹುದು. ಬಿ.ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ೭ನೆಯ ಸಂಪುಟದಲ್ಲಿ ಈ ಊರಿನ ಅನೇಕ ಶಾಸನಗಳು ಸೇರಿವೆ. ಅವುಗಳಲ್ಲಿ ಎರಡನ್ನು ನಮ್ಮ ವಿಷಯಕ್ಕಾಗಿ ಆರಿಸಿಕೊಳ್ಳೋಣ.

ಮೊದಲನೆಯದು ೧೦೩೫-೩೬ರದು, ಚಾಲುಕ್ಯ ಜಯಸಿಂಹನ ಕಾಲದ್ದು. ಪಂಚಲಿಂಗ ದೇವಾಲಯಕ್ಕೆ ಸಂಬಂಧಿಸಿದ ಈ ದಾನಶಾಸನದಲ್ಲಿ ವಾದಿ ರುದ್ರಗಣನೆಂದು ಖ್ಯಾತನಾದ ಲಕುಲೀಶ್ವರ ಪಂಡಿತನ ಬಿರುದುಗಳು ಸಾಲಾಗಿ ಬರುತ್ತವೆ. ಬೌದ್ಧರೆಂಬ ಸಮುದ್ರಕ್ಕೆ ಆತನು ಬಡಬಾನಲ, ಮೀಮಾಂಸಕರೆಂಬ ಪರ್ವತಕ್ಕೆ ಸಿಡಿಲು, ಲೋಕಾಯತರೆಂಬ ಮರಕ್ಕೆ ಗರಗಸ – ಹೀಗೆ ಮುಂದುವರಿಯುತ್ತದೆ. ಇದನ್ನು ಓದಿ ನಾವು ನಗಬೇಕಾಗಿಲ್ಲ, ಅನ್ಯಮತದವರ ದೋಷವೆಂದು ತಿಳಿಯಬೇಕಾಗಿಯೂ ಇಲ್ಲ. ವಾದಸಭೆಗಳ ಆ ಯುಗದಲ್ಲಿ ಜೈನರೂ ಬೌದ್ಧರೂ ವೇದಾಂತಿಗಳೂ ತಮ್ಮ ಪಂಡಿತರನ್ನು ಹೀಗೆಯೇ ಸಿಂಹವೆಂದೂ ಸಿಡಿಲೆಂದೂ ಕೊಂಡಾಡುತ್ತಿದ್ದರು. ನಮ್ಮ ಪರಂಪರೆಯ ಸ್ತೋತ್ರಗಳೂ ಈ ರೀತಿಗೆ ಹೊರತಲ್ಲವೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಎರಡನೆಯ ಶಾಸನವು ೧೧೬೨ರದು, ಕಳಚುರಿ ಬಿಜ್ಜಳನ ಕಾಲದ್ದು. ಶ್ರೀಮದಾಚಾರ್ಯರ ಅವತಾರಕ್ಕೆ ೭೬ ವರ್ಷ ಮೊದಲಿನದು. ಇದು ಕೇದಾರೇಶ್ವರನ ಸನ್ನಿಧಿಯ ಕೋಡಿಯ ಮಠವನ್ನು ವರ್ಣಿಸುತ್ತದೆ. ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮುಂತಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧಾದಿ ದರ್ಶನಗಳು, ಯೋಗಶಾಸ್ತ್ರ, ೧೮ ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕ – ಇಷ್ಟೂ ವಿದ್ಯೆಗಳಿಗೆ ಅದು ಆಶ್ರಯ. ತಮ್ಮದಲ್ಲದ ದರ್ಶನಗಳನ್ನೂ ಆ ಮಠದವರು ಪಾಠ ಹೇಳುತ್ತಿದ್ದರೆಂಬುದು ಗಮನಾರ್ಹ. ಆದರೆ ಶಾಸನವು ವಿದ್ಯೆಯ ಪಟ್ಟಿಯೊಡನೆ ಮುಗಿಯುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆಗಾರರು, ಗಾಯಕರು, ವಾದ್ಯಗಾರರು, ನರ್ತಕರು, ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸ ಪರಮಹಂಸರು – ಇವರೆಲ್ಲರಿಗೂ ಅಲ್ಲಿ ಅನ್ನವಿದೆಯೆಂದೂ, ಅನಾಥ ರೋಗಿಗಳಿಗೆ ಚಿಕಿತ್ಸೆಯಿದೆಯೆಂದೂ, ಸಮಸ್ತ ಪ್ರಾಣಿಗಳಿಗೂ ಅದು ಅಭಯಸ್ಥಾನವೆಂದೂ ಹೇಳುತ್ತದೆ.

ಒಂದೇ ಊರು, ಒಂದೇ ಮತಪರಂಪರೆ. ನಡುವೆ ಸುಮಾರು ೧೨೫ ವರ್ಷ. ಮೊದಲ ಶಾಸನವು ವಿದ್ವಾಂಸನ ಹಿರಿಮೆಯನ್ನು ಅವನು ಯಾರನ್ನು ಕೆಡವಿದನೆಂಬುದರಿಂದ ಅಳೆಯಿತು. ಎರಡನೆಯದು ವಿದ್ಯಾಲಯದ ಹಿರಿಮೆಯನ್ನು ಅಲ್ಲಿ ಯಾರು ಉಂಡರೆಂಬುದರಿಂದಲೂ ಅಳೆಯಿತು. ಈ ಎರಡನೆಯ ಅಳತೆಯಲ್ಲಿ ವಿನಯ ಎಂಬ ಶಬ್ದ ಬಂದಿರಬೇಕಾದ ಅಗತ್ಯವಿಲ್ಲ. ವಿನಯದ ಕಾರ್ಯವೇ ಅಲ್ಲಿದೆ.

‘ಕೋಡಿ’ ಎಂಬ ಆ ಮಠದ ಹೆಸರೂ ನಮಗೆ ಒಂದು ಪಾಠವಾಗಬಲ್ಲದು. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಎಡೆಯನ್ನು ಕೋಡಿ ಎನ್ನುತ್ತೇವೆ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆ ಎಲ್ಲರ ಬಾಯಲ್ಲಿದೆ. ಕೆರೆಯ ಮಾತು ಬೇರೆ. ಕೆರೆ ತುಂಬಿದ ಮೇಲೂ ಮಳೆ ನಿಲ್ಲುವುದಿಲ್ಲ. ಕೋಡಿಯಿಲ್ಲದಿದ್ದರೆ ನೀರು ಏರಿಯನ್ನೇ ಒಡೆದು, ಕೆರೆಯೂ ಉಳಿಯದೆ ಕೆಳಗಿನ ಊರೂ ಉಳಿಯದೆ ಹೋಗುತ್ತದೆ. ವಿದ್ಯೆ, ಧನ, ಕುಲ, ಅಧಿಕಾರ ಇವು ತುಂಬಿಕೊಳ್ಳುವ ನೀರು. ಏರಿಗಿಂತ ತುಸು ತಗ್ಗಾಗಿ ಇಟ್ಟ ಕೋಡಿಯ ಮೂಲಕ ಅದು ಕೆಳಗಿನ ಗದ್ದೆಗಳಿಗೆ ಹರಿದರೆ ಕೆರೆಗೂ ಕ್ಷೇಮ, ಗದ್ದೆಗೂ ಕ್ಷೇಮ. ಆ ತಗ್ಗೇ ವಿನಯ.

ದಾಸಭಾವ

ನಮ್ಮ ಸಿದ್ಧಾಂತದಲ್ಲಿ ವಿನಯವು ಕೇವಲ ಶಿಷ್ಟಾಚಾರವಲ್ಲ, ತತ್ತ್ವಜ್ಞಾನದ ಫಲ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸಿದರು. ಸ್ವತಂತ್ರನು ಶ್ರೀಮನ್ನಾರಾಯಣನೊಬ್ಬನೇ, ಉಳಿದದ್ದೆಲ್ಲ ಅವನ ಅಧೀನ. ಇದನ್ನು ನಿಜವಾಗಿ ಅರಿತವನು ತನ್ನ ವಿದ್ಯೆಯನ್ನು ತನ್ನದೆಂದು ಹೇಗೆ ಬೀಗಿಯಾನು? ಹಾಗೆಯೇ ಜೀವನು ಮಿಥ್ಯೆ, ಏನೂ ಅಲ್ಲ ಎಂದೂ ನಮ್ಮ ಆಚಾರ್ಯರು ಹೇಳಲಿಲ್ಲ. ಜೀವನು ಸತ್ಯ, ಅವನ ಯೋಗ್ಯತೆ ಸತ್ಯ, ಅವನ ಪಾರತಂತ್ರ್ಯವೂ ಸತ್ಯ. ತನ್ನನ್ನು ಇರುವುದಕ್ಕಿಂತ ಹೆಚ್ಚೆಂದು ತಿಳಿಯುವುದು ಹೇಗೆ ಅಯಥಾರ್ಥ ಜ್ಞಾನವೋ, ತಾನು ನಿಷ್ಪ್ರಯೋಜಕನೆಂದು ಕುಗ್ಗುವುದೂ ಹಾಗೆಯೇ ಅಯಥಾರ್ಥ. ಗೀತೆಯ ೧೩ನೆಯ ಅಧ್ಯಾಯದಲ್ಲಿ ಭಗವಂತನು ಜ್ಞಾನದ ಲಕ್ಷಣಗಳನ್ನು ಹೇಳುವಾಗ ‘ಅಮಾನಿತ್ವ’ವನ್ನು ಮೊದಲನೆಯದಾಗಿ ಎಣಿಸಿದ್ದಾನೆ. ಅಹಂಕಾರದಿಂದ ಮಾನವನ್ನು ಬಯಸದಿರುವುದು ಜ್ಞಾನದ ಲಕ್ಷಣವೇ ಹೊರತು ಅಜ್ಞಾನದ್ದಲ್ಲ.

ಇದಕ್ಕೆ ಮೇಲ್ಪಂಕ್ತಿ ಭ್ರಾಂತೇಶನಾಗಿ ಶಿಕಾರಿಪುರದಲ್ಲಿ ನಿಂತಿರುವ ನಮ್ಮ ಪ್ರಾಣದೇವರೇ. ಸುಂದರಕಾಂಡದಲ್ಲಿ ಸೀತಾದೇವಿಯು, ಉಳಿದ ವಾನರರು ಈ ಸಮುದ್ರವನ್ನು ಹೇಗೆ ದಾಟಿಯಾರೆಂದು ಶಂಕಿಸುತ್ತಾಳೆ. ಆಗ ಹನುಮಂತನು, ಸುಗ್ರೀವನ ಬಳಿ ತನಗೆ ಸಮಾನರೂ ತನಗಿಂತ ಮಿಗಿಲಾದವರೂ ಇದ್ದಾರೆ, ತನಗಿಂತ ಕೆಳಗಿನವರು ಒಬ್ಬರೂ ಇಲ್ಲ. ದೂತಕಾರ್ಯಕ್ಕೆ ಉತ್ತಮರನ್ನು ಕಳುಹಿಸುವುದಿಲ್ಲ, ಸಾಮಾನ್ಯರನ್ನೇ ಕಳುಹಿಸುತ್ತಾರೆ ಎಂಬ ಅಭಿಪ್ರಾಯದಿಂದ ಸಮಾಧಾನ ಹೇಳುತ್ತಾನೆ. ನೂರು ಯೋಜನ ಹಾರಿ ಬಂದವನ ಮಾತು ಇದು. ಆ ಮಾತಿನ ಉದ್ದೇಶ ತನ್ನನ್ನು ಹಳಿದುಕೊಳ್ಳುವುದಲ್ಲ. ದುಃಖದಲ್ಲಿದ್ದ ತಾಯಿಗೆ ಧೈರ್ಯ ತುಂಬುವುದು. ಅದೇ ಹನುಮಂತನು ರಾವಣನ ಸಭೆಯಲ್ಲಿ ತಲೆ ತಗ್ಗಿಸಲಿಲ್ಲ. ರಾಮದೂತನೆಂದು ನಿರ್ಭಯವಾಗಿ ಹೇಳಿಕೊಂಡು, ಹಿತವನ್ನು ನೇರವಾಗಿಯೇ ನುಡಿದನು. ಸ್ವಾಮಿಯ ದಾಸನಾದವನಿಗೆ ಬೇರೆ ಯಾರ ಭಯವೂ ಇರುವುದಿಲ್ಲ.

ಶ್ರೀ ವ್ಯಾಸರಾಜರ ಚರಿತ್ರೆಯೂ ಇದನ್ನೇ ತೋರಿಸುತ್ತದೆ. ನ್ಯಾಯಾಮೃತ, ತರ್ಕತಾಂಡವ, ತಾತ್ಪರ್ಯಚಂದ್ರಿಕೆ ಎಂಬ ಗ್ರಂಥತ್ರಯವನ್ನು ರಚಿಸಿ ಪ್ರತಿವಾದಿಗಳೊಡನೆ ಕೂದಲೆಳೆಯಷ್ಟೂ ಸಡಿಲಿಸದೆ ವಾದಿಸಿದವರು ಅವರೇ. ಸಾಮಾನ್ಯರಿಗೆ ತಿಳಿಯಲೆಂದು ಕನ್ನಡದಲ್ಲಿ ಕೀರ್ತನೆಗಳನ್ನು ಹಾಡಿದವರೂ ಅವರೇ. ಕನಕದಾಸರನ್ನು ಆದರಿಸಿದವರೆಂದು ಸಂಪ್ರದಾಯವು ನೆನೆಯುವುದೂ ಅವರನ್ನೇ. ಸಿದ್ಧಾಂತದಲ್ಲಿ ದಾರ್ಢ್ಯವೂ ಸ್ವಭಾವದಲ್ಲಿ ವಿನಯವೂ ಒಂದೆಡೆಯಲ್ಲಿ ಇರಬಲ್ಲವು. ವಿನಯವಂತನಾಗಬೇಕಾದರೆ ನಿಶ್ಚಯಗಳನ್ನು ಬಿಡಬೇಕೆಂಬ ಈಗಿನವರ ತಿಳಿವಳಿಕೆಯೂ, ನಿಶ್ಚಯವುಳ್ಳವನು ಒರಟನಾಗಿರಬೇಕೆಂಬ ಹಳಬರ ತಿಳಿವಳಿಕೆಯೂ ಎರಡೂ ಸರಿಯಲ್ಲ.

ಉಪಸಂಹಾರ

ಇಷ್ಟಾದ ಮೇಲೆ ಆ ಬಾಲಿಕೆಗೆ ಏನು ಹೇಳಬೇಕು? “ಮಗು, ಎರಡು ಶಬ್ದಗಳ ತಾಯಿ ಒಬ್ಬಳೇ, ಅವಳು ಭೂಮಿ. ನೀನಾಗಿ ಬಾಗಿ ಭೂಮಿಯನ್ನು ಮುಟ್ಟಿದರೆ ಅದು ವಿನಯ. ಇನ್ನೊಬ್ಬರು ನಿನ್ನನ್ನು ಕೆಡವಿದರೆ ಅದು ಅವಮಾನ. ಮೊದಲನೆಯದನ್ನು ಅಭ್ಯಾಸ ಮಾಡು. ಎರಡನೆಯದನ್ನು ನೀನು ಸಹಿಸಬೇಕಾಗಿಲ್ಲ, ಇನ್ನೊಬ್ಬರಿಗೆ ಮಾಡಲೂ ಬಾರದು” ಎಂದು ಹೇಳಬಹುದು.

ಆದರೆ ಹಿರಿಯರಾದ ನಮಗೂ ಹೇಳಿಕೊಳ್ಳಬೇಕಾದದ್ದು ಒಂದುಂಟು. ಗೀತೆಯ ೪ನೆಯ ಅಧ್ಯಾಯದಲ್ಲಿ ಜ್ಞಾನವನ್ನು ಪಡೆಯುವ ಮಾರ್ಗವಾಗಿ 'ಪ್ರಣಿಪಾತ', ‘ಪರಿಪ್ರಶ್ನೆ’, ‘ಸೇವೆ’ ಎಂಬ ಮೂರನ್ನು ಹೇಳಿದೆ. ನಮಸ್ಕಾರಕ್ಕೂ ಸೇವೆಗೂ ನಡುವೆ ಪ್ರಶ್ನೆಗೆ ಸ್ಥಾನವಿದೆ; ಅದೂ ಬರಿಯ ಪ್ರಶ್ನೆಯಲ್ಲ, ಸುತ್ತಲೂ ತಿರುಗಿಸಿ ಕೇಳುವ ಪರಿಪ್ರಶ್ನೆ. ನಾವು ಮಕ್ಕಳಿಂದ ಪ್ರಣಿಪಾತವನ್ನೂ ಸೇವೆಯನ್ನೂ ಬಯಸಿ, ನಡುವಣ ಪರಿಪ್ರಶ್ನೆಯನ್ನು ಮಾತ್ರ ಅವಿನಯವೆಂದು ಗದರಿಸಿದರೆ, ಭಗವಂತನು ಹೇಳಿದ ಕ್ರಮವನ್ನು ನಾವೇ ಮುರಿದಂತಾಯಿತು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿ, ಬಲ್ಲವರನ್ನು ಮಗುವಿನೊಡನೆಯೇ ಹೋಗಿ ಕೇಳುವುದು ನಮ್ಮ ಪಾಲಿನ ವಿನಯ. ಮಾತನಾಡದ ಮಗುವೆಲ್ಲ ವಿನೀತವಾದ ಮಗುವಲ್ಲ. ಅದು ಮನಸ್ಸಿನೊಳಗೆ ಅವಮಾನವನ್ನು ನುಂಗಿ ಕುಳಿತಿರಬಹುದು.

ಆ ಗೃಹಸ್ಥರು ಈ ವಿಷಯಗಳನ್ನೆಲ್ಲ ನಮ್ಮೊಡನೆ ವಿಚಾರಿಸಿ ಮನೆಗೆ ಹೋದವರು, ಕೆಲವು ದಿನಗಳ ಮೇಲೆ ಬಂದು ಹೇಳಿದರು: “ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅಂದು ಗದರಿಸಿದ್ದು ನನ್ನ ತಪ್ಪೆಂದೂ ಹೇಳಿದೆ. ಈಗ ಅವಳಿಗೆ ಇನ್ನೂ ಹತ್ತು ಪ್ರಶ್ನೆಗಳಿವೆಯಂತೆ.” ಈ ಸುದ್ದಿಯಿಂದ ನಮಗೆ ಬಹಳ ಸಂತೋಷವಾಯಿತು.

ಮುಂದಿನ ಸಲ ಮೂರು ಪ್ರಾಣದೇವರ ದರ್ಶನಕ್ಕೆ ಹೊರಡುವ ಸಜ್ಜನರು ಮಕ್ಕಳನ್ನೂ ಕರೆದುಕೊಂಡು ಹೋಗಿ, ಶಿಕಾರಿಪುರದಿಂದ ಬಳ್ಳಿಗಾವಿಗೂ ತಾಳಗುಂದಕ್ಕೂ ಹೋಗಿಬರಲಿ. ಕೆರೆಯ ಕೋಡಿಯನ್ನು ತೋರಿಸಲಿ, ಕಂಬದ ಕಥೆಯನ್ನು ಹೇಳಲಿ, ಅವರು ಕೇಳಿದ್ದಕ್ಕೆ ತಾಳ್ಮೆಯಿಂದ ಉತ್ತರ ಕೊಡಲಿ. ಸರ್ವಸ್ವತಂತ್ರನಾದ ಶ್ರೀಹರಿಯೂ, ಅವನ ದಾಸಾಗ್ರಣಿಯಾದ ಮುಖ್ಯಪ್ರಾಣನೂ ನಮ್ಮೆಲ್ಲರಿಗೂ ಆ ಸದ್ಬುದ್ಧಿಯನ್ನು ಕರುಣಿಸಲೆಂದು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥